ಒಲೆಯ ಮೇಲೆ ಮುನಿದವರಿಗೆ ತಂಬುಳಿ

ಅಡಿಗೆಯೆಂದರೆ ಮುಖ ಸಿಂಡರಿಸುವವರನ್ನು ಸೋಮಾರಿಗಳೆಂದು ಹಳಿಯುವುದು ವಾಡಿಕೆ. ನಾವು ಅವರ ಪರವಾಗಿ ನಿಲ್ಲುತ್ತೇವೆ. ನಮ್ಮ ಸಾಕ್ಷಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಮನೆಮನೆಯ ತಂಬುಳಿ.

ಒಂದು ಹಿಡಿ ಒಂದೆಲಗ, ತೆಂಗಿನತುರಿ, ಚಿಟಿಕೆ ಜೀರಿಗೆ, ನಾಲ್ಕು ಕಾಳುಮೆಣಸು, ಉಪ್ಪು ಇವನ್ನು ನುಣ್ಣಗೆ ಅರೆದು ಮಜ್ಜಿಗೆಯಲ್ಲಿ ಕದಡಿದರೆ ಮುಗಿಯಿತು. ಅನ್ನವನ್ನು ಮಾತ್ರ ಯಾರಾದರೂ ಬೇಯಿಸಿಕೊಡಬೇಕು! (ದೊಡ್ಡಪತ್ರೆಯನ್ನು ತುಪ್ಪದಲ್ಲಿ ಬಾಡಿಸಿ ಅರೆಯುವವರುಂಟು, ಅವರು ಶ್ರಮಜೀವಿಗಳು, ಅವರ ಮಾತು ಬೇಡ.) ಇಲ್ಲಿ ಒಲೆ ಹೊತ್ತಿಸದಿರುವುದು ರಸಾಯನಶಾಸ್ತ್ರದ ಅಪ್ಪಣೆಯೂ ಹೌದು. ಹಾಲಿನ ಕೇಸೀನ್ ಎಂಬ ಪ್ರೋಟೀನನ್ನು ಲ್ಯಾಕ್ಟಿಕ್ ಆಮ್ಲವು ಆಗಲೇ ಹೆಪ್ಪುಗಟ್ಟಿಸಿರುತ್ತದೆ. ಕಡೆದಾಗ ಅದರ ಕಣಗಳು ಮಜ್ಜಿಗೆಯಲ್ಲಿ ಹರಡಿ ತೇಲುತ್ತವೆ. ಕುದಿಸಿದರೆ ಅವು ಒಂದಕ್ಕೊಂದು ಅಂಟಿ ಗಂಟಾಗಿ, ನೀರು ಬೇರೆಯಾಗುತ್ತದೆ. ಮಜ್ಜಿಗೆಹುಳಿ ಮಾಡುವವರು ಇದನ್ನು ತಡೆಯಲು ಕಡಲೆಬೇಳೆಯನ್ನೋ ಅಕ್ಕಿಯನ್ನೋ ಅರೆದು ಸೇರಿಸಿ, ಕೈಯಾಡಿಸುತ್ತ ಕಾವಲು ನಿಲ್ಲಬೇಕು. ತಂಬುಳಿಯವರಿಗೆ ಆ ಪಾಡಿಲ್ಲ. ಶಾಖಕ್ಕೆ ಬೇಗ ಅಳಿಯುವ ಸಿ ಜೀವಸತ್ತ್ವವೂ ಎಲೆಯಲ್ಲಿ ಹೆಚ್ಚು ಉಳಿಯುತ್ತದೆ.

ಆದರೆ ಬೆಂಕಿಯ ವಿಷಯದಲ್ಲಿ ಕ್ಷಮಿಸಿದ ಸೋಮಾರಿತನವನ್ನು ನೀರಿನ ವಿಷಯದಲ್ಲಿ ಕ್ಷಮಿಸಲಾರೆವು. ಒಂದೆಲಗ ತೇವದ ನೆಲಕ್ಕೆ ಅಂಟಿ ಬೆಳೆಯುವಂಥದು. ಬೇಯಿಸದ ಮೇಲೆ ರೋಗಾಣುಗಳನ್ನು ಕೊಲ್ಲುವವರಾರು? ಮೇಲಾಗಿ ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ: 100 ಲೀಟರು ನೀರಿಗೆ 1 ಕಿಲೋಗ್ರಾಂ ಮೈಲುತುತ್ತ, 1 ಕಿಲೋಗ್ರಾಂ ಸುಣ್ಣ. ಅದು ಗೊನೆಗೆ ಮಾತ್ರವೇ ಬೀಳುವುದಿಲ್ಲ. ಮಳೆಗೂ ಜಗ್ಗದೆ ಅಂಟಿಕೊಳ್ಳುವುದೇ ಅದರ ಹೆಗ್ಗಳಿಕೆಯಾದುದರಿಂದ ಒಂದು ಚೊಂಬು ನೀರಿಗೆ ಬಗ್ಗದು. ಆದುದರಿಂದ ತೋಟದ ಮರದಡಿಯ ಎಲೆಯನ್ನೂ ಬಚ್ಚಲ ಹಿಂದಿನದನ್ನೂ ಬಿಟ್ಟು, ಒಂದು ಕುಂಡದಲ್ಲಿ ಬಳ್ಳಿಯ ತುಂಡನ್ನು ಊರಿ ಶುದ್ಧ ನೀರು ಹನಿಸಿರಿ. ಕಿತ್ತ ಎಲೆಯನ್ನು ಮೂರು ನಾಲ್ಕು ನೀರಿನಲ್ಲಿ ತೊಳೆಯಿರಿ. ಗಿಣ್ಣುಗಿಣ್ಣಿಗೂ ಬೇರುಬಿಡುವ ಈ ಬಳ್ಳಿ ತಾನೇ ಹಬ್ಬಿಕೊಳ್ಳುತ್ತದೆ, ನಿಮ್ಮ ದುಡಿಮೆಯನ್ನು ಬಹಳ ಕೇಳುವುದಿಲ್ಲ.