ಬಚ್ಚಲ ತೊಟ್ಟಿಯಲ್ಲಿ ಮ್ಯಾರಥಾನ್

ಮ್ಯಾರಥಾನ್ ಓಟ ನೋಡಲು ಚೆಂದ. ಅದಕ್ಕಾಗಿ ಮಾಡುವ ಅಭ್ಯಾಸ ನೋಡುವವರಿಗೇ ಬೇಸರ; ಮಾಡುವವರ ಪಾಡಂತೂ ಕೇಳಲೇಬೇಡಿ. ಇವತ್ತು ಓಡಿದ್ದನ್ನೇ ನಾಳೆ ಓಡಬೇಕು, ನಾಡಿದ್ದೂ ಅದನ್ನೇ. ಮಗ್ಗಿ ಬಾಯಿಪಾಠ ಮಾಡುವ ಹುಡುಗನಿಗಾದರೂ ಇಪ್ಪತ್ತರ ಮಗ್ಗಿಯ ನಂತರ ಬಿಡುಗಡೆ ಉಂಟು. ಓಟಗಾರನಿಗೆ ಅದೂ ಇಲ್ಲ. ಈ ಬೇಸರವನ್ನೇ ಆಟ ಮಾಡಿಕೊಂಡವನು ಜೆಕೊಸ್ಲೊವಾಕಿಯದ ಎಮಿಲ್ ಜಾಟೊಪೆಕ್.

1922ರಲ್ಲಿ ಹುಟ್ಟಿದ ಆತನಿಗೆ ಮೊದಲು ಓಟದ ಗೀಳೇನೂ ಇರಲಿಲ್ಲ. ಜ್ಲಿನ್ ಪಟ್ಟಣದ ಬಾಟಾ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಹೌದು, ಜೂನ್ ಬಂತೆಂದರೆ ಶಾಲೆಯ ಬೂಟಿಗಾಗಿ ಅಪ್ಪಂದಿರ ಜೇಬು ಹಗುರ ಮಾಡುವ ಅದೇ ಬಾಟಾ. 1941ರಲ್ಲಿ ಓಡಲೇಬೇಕೆಂದು ಆತನಿಗೆ ಕಟ್ಟಪ್ಪಣೆಯಾಯಿತು. ಮೈಯಲ್ಲಿ ತ್ರಾಣವಿಲ್ಲವೆಂದು ತಪ್ಪಿಸಿಕೊಳ್ಳಲು ನೋಡಿದ. ವೈದ್ಯರು ಪರೀಕ್ಷಿಸಿ, ಏನೂ ಆಗಿಲ್ಲ ಎಂದುಬಿಟ್ಟರು. ಬೇರೆ ದಾರಿಯಿಲ್ಲದೆ ಓಡಿ ಎರಡನೆಯವನಾಗಿ ಬಂದ. ಅಲ್ಲಿಂದ ಹುಚ್ಚು ಹಿಡಿಯಿತು.

ಕೆಲಸಕ್ಕೆ ಹೋಗುವ ದಾರಿಯಲ್ಲಿ ಪಾಪ್ಲರ್ ಮರಗಳ ಸಾಲು. ಮೊದಲ ದಿನ ನಾಲ್ಕನೆಯ ಮರದವರೆಗೆ ಉಸಿರು ಬಿಗಿಹಿಡಿದು ನಡೆದ, ಮರುದಿನ ಐದನೆಯದರವರೆಗೆ. ಹೀಗೆ ದಿನಕ್ಕೊಂದು ಮರ ಹೆಚ್ಚಿಸುತ್ತ ಹೋಗಿ, ಒಂದು ದಿನ ಸಾಲಿನ ಕೊನೆ ಮುಟ್ಟಿ ಪ್ರಜ್ಞೆ ತಪ್ಪಿ ಬಿದ್ದನಂತೆ. ಉಸಿರು ಕಟ್ಟಿದಾಗ ನಮ್ಮನ್ನು ಮುಖ್ಯವಾಗಿ ಚಡಪಡಿಸುವಂತೆ ಮಾಡುವುದು ಆಮ್ಲಜನಕದ ಕೊರತೆಯಲ್ಲ, ರಕ್ತದಲ್ಲಿ ಶೇಖರವಾಗುವ ಇಂಗಾಲದ ಡೈ ಆಕ್ಸೈಡ್. ಆ ಎಚ್ಚರಿಕೆಗೆ ಕಿವುಡಾದವನಿಗೆ ಮಿದುಳು ಕೊಡುವ ಉತ್ತರವೇ ಮೂರ್ಛೆ. (ಮಕ್ಕಳೇ, ಶಾಲೆಯ ದಾರಿಯ ಹೊಂಗೆಮರಗಳನ್ನು ಎಣಿಸಲು ಹೋಗಬೇಡಿ.)

ಮುಂದೆ ಸೈನ್ಯ ಸೇರಿದ ಮೇಲೆ ಭಾರದ ಮಿಲಿಟರಿ ಬೂಟು ಹಾಕಿಕೊಂಡು ಹಿಮದಲ್ಲಿ ಓಡಿದ. ಹೊರಗೆ ಹೋಗಲಾಗದ ದಿನ ಒಗೆಯುವ ಬಟ್ಟೆಗಳನ್ನೆಲ್ಲ ಬಚ್ಚಲ ತೊಟ್ಟಿಗೆ ಹಾಕಿ, ಸೋಪಿನ ನೀರು ಬಿಟ್ಟು, ಅದರ ಮೇಲೆ ನಿಂತಲ್ಲೇ ಓಡಿದನೆಂಬ ಕಥೆ ಪ್ರಸಿದ್ಧ. ಅಭ್ಯಾಸವೂ ಆಯಿತು, ಬಟ್ಟೆಯೂ ಸ್ವಚ್ಛವಾಯಿತು. ಆತನ ಹೆಂಡತಿ ಡಾನಾಳಿಗೆ ಇದರಿಂದ ಸಂತೋಷವಾಯಿತೋ ಇಲ್ಲವೋ, ನಮ್ಮೂರುಗಳ ಎಷ್ಟೋ ಗೃಹಿಣಿಯರಿಗಂತೂ ಆಗುತ್ತಿತ್ತು.

ಆತನ ದಿನಚರಿಯ ಲೆಕ್ಕ ನೋಡಿ: 400 ಮೀಟರ್ ಜೋರಾಗಿ ಓಡುವುದು, ಸ್ವಲ್ಪ ದೂರ ನಿಧಾನವಾಗಿ ಸಾಗಿ ಸುಧಾರಿಸಿಕೊಳ್ಳುವುದು, ಮತ್ತೆ 400 ಮೀಟರ್. ಇಂಥವು ದಿನಕ್ಕೆ 40. ಜೋರಿನ ಓಟವೇ 16 ಕಿಲೋಮೀಟರ್ ಆಯಿತು!

ಇಷ್ಟೊಂದು ಏಕೆ ಬೇಕು? ಒಂದು ಕಿಲೋಮೀಟರ್ ಓಡಲು ದೇಹದ ಪ್ರತಿ ಕಿಲೋ ತೂಕಕ್ಕೆ ಸುಮಾರು ಒಂದು ಕಿಲೋಕ್ಯಾಲೊರಿ ಖರ್ಚಾಗುತ್ತದೆ. ಮ್ಯಾರಥಾನ್ ದೂರ 42.195 ಕಿಲೋಮೀಟರ್. 60 ಕಿಲೋ ತೂಗುವವನಿಗೆ 2,500 ಕಿಲೋಕ್ಯಾಲೊರಿಯಾದರೂ ಬೇಕು. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೊಜೆನ್ ರೂಪದಲ್ಲಿರುವ ಸಕ್ಕರೆಯ ಉಳಿತಾಯ ಸುಮಾರು 2,000. ಆದ್ದರಿಂದಲೇ 30 ಕಿಲೋಮೀಟರ್ ದಾಟಿದ ಮೇಲೆ ಅನೇಕರಿಗೆ ಕಾಲು ಕಿತ್ತಿಡಲಾಗದು. ಓಟಗಾರರು ಇದನ್ನು ‘ಗೋಡೆ’ ಎನ್ನುತ್ತಾರೆ. ಮೈಯಲ್ಲಿ ಕೊಬ್ಬು ಬೇಕಾದಷ್ಟಿದೆ, ಆದರೆ ಅದು ಸಕ್ಕರೆಯಷ್ಟು ಬೇಗ ಉರಿಯುವುದಿಲ್ಲ. ತಿಂಗಳ ಕೊನೆಯಲ್ಲಿ ಮನೆ ಮಾರಿ ದಿನಸಿ ತರಲಾಗುವುದಿಲ್ಲವಲ್ಲ, ಹಾಗೆ.

ತಿಂಗಳುಗಟ್ಟಲೆ ಓಡಿದರೆ ಸ್ನಾಯುಕೋಶಗಳಲ್ಲಿ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ, ಲೋಮನಾಳಗಳು ಹೊಸದಾಗಿ ಚಿಗುರುತ್ತವೆ, ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ನೂಕುತ್ತದೆ. ಆಗ ಅದೇ ವೇಗದಲ್ಲಿ ಓಡಿದರೂ ಕೊಬ್ಬು ಹೆಚ್ಚು ಉರಿದು ಸಕ್ಕರೆ ಉಳಿಯುತ್ತದೆ. ಆದರೆ ದೇಹ ಬಲು ಜಿಪುಣ. ಕೆಲಸವಿಲ್ಲದ ನೌಕರನನ್ನು ಸಾಕುವುದಿಲ್ಲ. ಕೆಲವು ವಾರ ಅಭ್ಯಾಸ ಬಿಟ್ಟರೆ ಕಟ್ಟಿದ್ದನ್ನೆಲ್ಲ ಕಳಚತೊಡಗುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಗೈಡು ತಿರುವಿ ಹೇಗೋ ಪಾಸಾದವರುಂಟು. ಹಿಂದಿನ ರಾತ್ರಿ ಓಡಿ ಮ್ಯಾರಥಾನ್ ಮುಗಿಸಿದವರಿಲ್ಲ.

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಜಾಟೊಪೆಕ್ 10,000 ಮೀಟರ್ ಗೆದ್ದ, 5,000 ಮೀಟರ್ ಗೆದ್ದ, ಅಷ್ಟಕ್ಕೆ ಸುಮ್ಮನಿರದೆ ಮ್ಯಾರಥಾನಿಗೂ ಹೆಸರು ಕೊಟ್ಟ. ಅದುವರೆಗೆ ಒಂದೂ ಮ್ಯಾರಥಾನ್ ಓಡಿದವನಲ್ಲ! ಕೆಲವೇ ವಾರಗಳ ಹಿಂದೆ ಜಗತ್ತಿನ ಅತಿ ವೇಗದ ಮ್ಯಾರಥಾನ್ ಓಡಿದ್ದ ಇಂಗ್ಲೆಂಡಿನ ಜಿಮ್ ಪೀಟರ್ಸ್ ಪಕ್ಕಕ್ಕೆ ಹೋಗಿ, ವೇಗ ಸರಿಯಿದೆಯೇ ಎಂದು ವಿನಯದಿಂದ ವಿಚಾರಿಸಿದ. ಬಹಳ ನಿಧಾನವಾಯಿತು ಎಂದು ಪೀಟರ್ಸ್ ಕುಹಕ ಮಾಡಿದ. ಈತ ಅದನ್ನೇ ನಂಬಿ ಮುಂದಕ್ಕೆ ಹೋದ. ಪೀಟರ್ಸ್ ಮಧ್ಯದಲ್ಲೇ ಕೈಬಿಟ್ಟ. ಜಾಟೊಪೆಕ್ 2 ಗಂಟೆ 23 ನಿಮಿಷದಲ್ಲಿ ಮುಗಿಸಿ ಮೂರನೆಯ ಚಿನ್ನ ಪಡೆದ. ಒಂದೇ ಒಲಿಂಪಿಕ್ಸ್‌ನಲ್ಲಿ ಈ ಮೂರನ್ನೂ ಗೆದ್ದ ಇನ್ನೊಬ್ಬನಿಲ್ಲ.

ಆಟ ಅತಿಯಾದದ್ದೂ ಉಂಟು. ಡಾನಾಳನ್ನು ಹೆಗಲ ಮೇಲೆ ಹೊತ್ತು ಅಭ್ಯಾಸ ಮಾಡಿದ್ದೇ ಆತನ ಹರ್ನಿಯಾಕ್ಕೆ ಕಾರಣವೆನ್ನುತ್ತಾರೆ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಸ್ವಲ್ಪ ಮೊದಲು ಶಸ್ತ್ರಚಿಕಿತ್ಸೆಯಾಯಿತು. ವೈದ್ಯರ ಮಾತು ಮೀರಿ ಮ್ಯಾರಥಾನ್ ಓಡಿದ, ಆರನೆಯ ಸ್ಥಾನ. ಗೆದ್ದವನು ಫ್ರಾನ್ಸಿನ ಅಲೆನ್ ಮಿಮೂನ್. ಹಿಂದಿನ ಎರಡು ಒಲಿಂಪಿಕ್ಸ್‌ಗಳಲ್ಲಿ ಮೂರು ಸಲ ಜಾಟೊಪೆಕ್‌ನ ಹಿಂದೆ ಎರಡನೆಯವನಾಗಿ ಬಂದಿದ್ದವನು. ಗೆದ್ದ ಮೇಲೂ ಆತ ಮೈದಾನ ಬಿಡದೆ ಗೆಳೆಯನಿಗಾಗಿ ಕಾದುನಿಂತಿದ್ದ. ಜಾಟೊಪೆಕ್ ಏದುಸಿರು ಬಿಡುತ್ತ ಬಂದು ವಿಷಯ ತಿಳಿದವನೇ, ತಲೆಯ ಟೋಪಿ ತೆಗೆದು ಮಿಮೂನ್‌ಗೆ ಸೆಲ್ಯೂಟ್ ಹೊಡೆದು ಅಪ್ಪಿಕೊಂಡ.