ಬಾಗಿಲಿಲ್ಲದ ಕಪ್

ಬೆಂಗಳೂರು ಗೆದ್ದರೆ ಕರ್ನಾಟಕ ಗೆದ್ದಿತು ಅಂತ ಬರೆದುಬಿಡುವುದು ನಮ್ಮ ಫುಟ್‌ಬಾಲ್ ಪ್ರಿಯ ಗೆಳೆಯರ ಹಳೇ ಚಾಳಿ. ಸಂತೋಷ ಟ್ರೋಫಿಯ ನೆನಪು ಬಂದಾಗಲೆಲ್ಲ ಅದೇ ರಾಗ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು. 1968-69ರಲ್ಲಿ ಮೈಸೂರು ಅನ್ನೋ ಹೆಸರಲ್ಲಿ ಗೆದ್ದ ಮೇಲೆ ಇದೇ ಮೊದಲು. ನನಗೂ ಖುಷಿ ಆಯ್ತು, ಸುಳ್ಳು ಹೇಳೋಲ್ಲ. ಆದರೆ "ಇಡೀ ಕರ್ನಾಟಕದ ಗೆಲುವು" ಅಂತ ಓದಿದಾಗ ಸ್ವಲ್ಪ ಮೈ ಉರೀತು. ನಮ್ಮ ಭಾಲ್ಕಿ, ಔರಾದ್ ಕಡೆಯ ಹುಡುಗ ಆ ತಂಡದ ಹತ್ತಿರ ಹೋಗೋಕೆ ಯಾವ ದಾರಿ ಇತ್ತು, ಹೇಳಿ ನೋಡೋಣ?

ಅದೇ ಚಳಿಗಾಲದಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಏನಾಯ್ತು ಗೊತ್ತಾ? ಅಲ್ಲಿಯ ರಾಷ್ಟ್ರೀಯ ನಾಕೌಟ್ ಕಪ್‌ನಲ್ಲಿ ಸ್ಪೇಕನ್‌ಬರ್ಗ್ ಅನ್ನೋ ಹಳೇ ಮೀನುಗಾರರ ಊರಿನ ಅಮೆಚೂರ್ ಕ್ಲಬ್ ಎಫ್‌ಸಿ ಉಟ್ರೆಕ್ಟ್ ಅನ್ನೋ ವೃತ್ತಿಪರ ತಂಡವನ್ನು ಅವರ ಮೈದಾನದಲ್ಲೇ 4-1ರಿಂದ ಹೊಡೆದು ಸೆಮಿಫೈನಲ್‌ಗೆ ಬಂತು. ಮೂರನೇ ಹಂತದ ತಂಡ ಸ್ವಾಮಿ! ಸೆಮಿಫೈನಲ್ ಆಡೋಕೆ ಪಿಎಸ್‌ವಿ ಐಂಡ್‌ಹೋವನ್ ಆ ಊರಿಗೇ ಬರಬೇಕಾಯ್ತು. 2-1ರಿಂದ ಕಷ್ಟಪಟ್ಟು ಗೆದ್ದರು. ಆಮೇಲೆ ಪಿಎಸ್‌ವಿಯೇ ಫೈನಲ್‌ನಲ್ಲಿ ಅಯಾಕ್ಸ್‌ನ ಪೆನಾಲ್ಟಿಯಲ್ಲಿ ಸೋಲಿಸಿ ಕಪ್ ಎತ್ತಿತು. ಅದೇ ವರ್ಷ ಡಿಸೆಂಬರ್‌ನಲ್ಲಿ, ಮುಂದಿನ ಸೀಸನ್‌ನಲ್ಲಿ, ಹರ್ಕ್ಯುಲಿಸ್ ಅನ್ನೋ ಇನ್ನೊಂದು ಅಮೆಚೂರ್ ಕ್ಲಬ್ ಅಯಾಕ್ಸ್‌ಗೇ 3-2 ಕೊಟ್ಟಿತು.

ಇದು ಪವಾಡ ಅಲ್ಲ. ಒಳಗೆ ಬರೋಕೆ ಬಾಗಿಲು ಇದೆ, ಅಷ್ಟೇ. ನಮ್ಮ ಕಡೆ ಜಾತ್ರೆಯ ಕುಸ್ತಿ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಹೊಲದಿಂದ ಬಂದ ಹುಡುಗ ಅಂಗಿ ಕಳಚಿ ಅಖಾಡಕ್ಕಿಳಿದರೆ "ನೀನು ಯಾವ ಕಂಪನಿ, ನಿನ್ನ ಸ್ಪಾನ್ಸರ್ ಯಾರು" ಅಂತ ಯಾರೂ ಕೇಳೋಲ್ಲ. ಜೋಡಿ ಸಿಕ್ಕರೆ ಹಿಡೀತಾನೆ. ಸೋತರೆ ಮಣ್ಣು ಕೊಡವಿಕೊಂಡು ಹೋಗ್ತಾನೆ.

ನಮ್ಮಲ್ಲೂ ಇತ್ತಲ್ಲ, ಫೆಡರೇಷನ್ ಕಪ್. 1977ರಲ್ಲಿ ಶುರುವಾಯ್ತು. ಮೊದಲು ಗೆದ್ದಿದ್ದು ಯಾರು? ಬೆಂಗಳೂರಿನ ಐಟಿಐ! ಟೆಲಿಫೋನ್ ಮಾಡೋ ಕಾರ್ಖಾನೆಯ ತಂಡ ಎರ್ನಾಕುಲಂನಲ್ಲಿ ಮೋಹನ್ ಬಾಗಾನ್‌ನಂಥ ಮೋಹನ್ ಬಾಗಾನನ್ನು 1-0ಯಿಂದ ಸೋಲಿಸಿತು. ಕೊನೆಯದು 2017ರಲ್ಲಿ, ಅದೂ ಬೆಂಗಳೂರು ಎಫ್‌ಸಿಗೇ, ಅದೂ ಮೋಹನ್ ಬಾಗಾನ್ ಮೇಲೇ. ಆದಿಯೂ ನಮ್ಮದೇ ಅಂತ್ಯವೂ ನಮ್ಮದೇ ಅಂತ ಬೀಗಬಹುದು :-) ಆದರೆ ಕಾರ್ಖಾನೆ ತಂಡದಿಂದ ಕಾರ್ಪೊರೇಟ್ ತಂಡದವರೆಗಿನ ಆ 40 ವರ್ಷದಲ್ಲಿ ಬಾಗಿಲು ಅಗಲ ಆಗಲಿಲ್ಲ. 2018ರಲ್ಲಿ ಅದರ ಜಾಗಕ್ಕೆ ಬಂದ ಸೂಪರ್ ಕಪ್‌ಗಂತೂ ಐಎಸ್‌ಎಲ್, ಐ-ಲೀಗ್ ತಂಡಗಳೇ. ಇನ್‌ಪುಟ್ಟೇ ತಗೊಳ್ಳದ ಪ್ರೋಗ್ರಾಮ್ ಬರೆದು ಔಟ್‌ಪುಟ್ ಯಾಕೆ ಒಂದೇ ಥರ ಬರ್ತಿದೆ ಅಂತ ಕೇಳಿದ ಹಾಗೆ.

"ಭಾರತ ದೊಡ್ಡ ದೇಶ, ಆಗೋ ಮಾತಲ್ಲ" ಅಂತೀರಿ. ಸರಿ, ಭಾರತ ಬಿಡಿ. ಕರ್ನಾಟಕಕ್ಕೇ ಒಂದು ಕಪ್ ಮಾಡಿ. ನಮ್ಮ ರಾಜ್ಯದ ಕಾಲು ಭಾಗವೂ ಇಲ್ಲ ಆ ನೆದರ್‌ಲೆಂಡ್ಸ್, ಹಾಗಾಗಿ ದೂರದ ಕಷ್ಟ ನನಗೂ ಅರ್ಥವಾಗುತ್ತೆ. ಮೊದಲ ಸುತ್ತುಗಳನ್ನ ಬೀದರ್, ಕಲಬುರಗಿ, ಯಾದಗಿರಿ ಒಳಗೇ ಆಡಿಸಿ. ಬಸ್ ಚಾರ್ಜಿನಷ್ಟೇ ಖರ್ಚು. ಗೆದ್ದವರು ಮುಂದೆ ಬರಲಿ. "ಬಂದು 15 ಗೋಲು ತಿಂದು ಹೋಗ್ತಾರೆ" ಅಂತ ನಗೋರಿಗೆ ಒಂದೇ ಮಾತು: ತಿನ್ನಲಿ ಬಿಡ್ರಿ. ಆದರೆ ಮ್ಯಾಚ್ ಭಾಲ್ಕಿಯಲ್ಲಿ ಆಗಲಿ. ದೊಡ್ಡ ತಂಡ ಬಸ್ಸಿಳಿದು ನಮ್ಮ ಕೆಂಪು ಮಣ್ಣಲ್ಲಿ ಆಡಿ ಗೆದ್ದು ಹೋಗಲಿ.

ಹೋದ ಸಲ ಊರಿಗೆ ಹೋದಾಗ ಅಣ್ಣನ ಮಗನಿಗೆ ಸ್ಪೇಕನ್‌ಬರ್ಗ್ ಗೋಲುಗಳನ್ನ ಮೊಬೈಲಿನಲ್ಲಿ ತೋರಿಸಿದೆ. ಎರಡು ಸಲ ನೋಡಿದ. "ಕಾಕಾ, ನಮ್ಮೂರ್ ಟೀಮ್ ಇಂಥಾ ಕಪ್ಪಿಗಿ ಹೋಗ್ಲಾಕ ಎಷ್ಟ್ ಮ್ಯಾಚ್ ಗೆಲ್ಬೇಕು?" ಅಂದ. ಐದು ಅಂದಿದ್ದರೂ ಸರಿ, ಹದಿನೈದು ಅಂದಿದ್ದರೂ ಸರಿ, ನಾಳೆಯಿಂದಲೇ ಲೆಕ್ಕ ಹಾಕ್ತಿದ್ದ ಹುಡುಗ. ಭಾತಂಬ್ರಾದಿಂದ ಅಂಥ ಒಂದು ಸಂಖ್ಯೆಯೇ ಇಲ್ಲ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಊಟಕ್ಕೆ ಏಳು ಅಂದೆ.