ಕೊಳೆಯನ್ನು ತಿನ್ನುವ ಕೆಸರು

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಗಾದೆಯನ್ನು ಎಲ್ಲರೂ ಬಲ್ಲರು. ಆದರೆ ಕೊಳೆಯನ್ನು ಕೆಸರಿನಿಂದಲೇ ತೆಗೆಯಬಹುದೆಂದರೆ ಮನೆಯ ಹಿರಿಯರು ನಕ್ಕಾರು. ಆದರೂ ಜಗತ್ತಿನ ಅನೇಕ ಮಹಾನಗರಗಳ ಚರಂಡಿಯ ನೀರು ಶುದ್ಧವಾಗುತ್ತಿರುವುದು ಈ ಉಪಾಯದಿಂದಲೇ.

1858ರ ಬೇಸಗೆಯಲ್ಲಿ ಲಂಡನ್ನಿನ ಥೇಮ್ಸ್ ನದಿ ಸಹಿಸಲಾಗದಷ್ಟು ನಾರಿತು. ಪಾರ್ಲಿಮೆಂಟಿನ ಕಿಟಕಿಗಳಿಗೆ ಸುಣ್ಣದ ಕ್ಲೋರೈಡಿನಲ್ಲಿ ಅದ್ದಿದ ಪರದೆಗಳನ್ನು ಕಟ್ಟಿದರೂ ಸದಸ್ಯರಿಗೆ ಒಳಗೆ ಕುಳಿತಿರುವುದು ದುಸ್ಸಾಧ್ಯವಾಯಿತು. ಆಗ ಜೋಸೆಫ್ ಬೇಜಲ್‌ಗೆಟ್ ಎಂಬ ಇಂಜಿನಿಯರು ನೆಲದಡಿಯಲ್ಲಿ ದೊಡ್ಡ ಮೋರಿಗಳನ್ನು ಕಟ್ಟಿಸಿ, ಕೊಳಚೆಯನ್ನು ಊರಾಚೆ ನದಿಯ ಕೆಳಪಾತ್ರಕ್ಕೆ ಸಾಗಿಸಿದನು. ಊರೇನೋ ಉಸಿರಾಡಿತು. ಆದರೆ ಕೊಳಚೆ ಸ್ಥಳ ಬದಲಿಸಿತೇ ಹೊರತು ಶುದ್ಧವಾಗಲಿಲ್ಲ. ತನ್ನ ಅಂಗಳದ ಕಸವನ್ನು ನೆರೆಮನೆಯ ಬಾಗಿಲಿಗೆ ಗುಡಿಸಿದಂತಾಯಿತು.

ಮಹತ್ತ್ವದ ಪರಿಹಾರವೊಂದು ಹೊರಬಿದ್ದದ್ದು 1914ರಲ್ಲಿ, ಮ್ಯಾಂಚೆಸ್ಟರ್ ನಗರದಲ್ಲಿ. ಗಿಲ್ಬರ್ಟ್ ಫೌಲರ್ ಎಂಬ ರಸಾಯನಶಾಸ್ತ್ರಜ್ಞರ ಸೂಚನೆಯಂತೆ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ಸೀಸೆಗಳಲ್ಲಿ ಕೊಳಚೆಯನ್ನು ತುಂಬಿ ಅದರೊಳಕ್ಕೆ ಗಾಳಿಯೂದಿದರು. ಮೊದಲ ಸಲ ಅದು ಶುದ್ಧವಾಗಲು ಸುಮಾರು 5 ವಾರಗಳೇ ಹಿಡಿದವು. ತಿಳಿನೀರನ್ನು ಬಸಿದು, ಅಡಿಯಲ್ಲಿ ನಿಂತ ಕೆಸರನ್ನು ಚೆಲ್ಲದೆ, ಅದರ ಮೇಲೆಯೇ ಹೊಸ ಕೊಳಚೆಯನ್ನು ಸುರಿದರು. ಹೀಗೆ ಮಾಡುತ್ತ ಹೋದಂತೆ ವಾರಗಳ ಕೆಲಸ ಒಂದು ದಿನದೊಳಗೇ ಮುಗಿಯತೊಡಗಿತು. ಗೃಹಿಣಿಯು ನಿನ್ನೆಯ ಮೊಸರನ್ನು ಇಂದಿನ ಹಾಲಿಗೆ ಹೆಪ್ಪಾಗಿ ಉಳಿಸುವಂತೆಯೇ ಇದು. ಆ ಕೆಸರೆಲ್ಲ ಕೊಳೆಯನ್ನುಂಡು ಬೆಳೆಯುವ ಸೂಕ್ಷ್ಮಜೀವಿಗಳ ಸಂಸಾರ.

ಅದೇ ಉಣಿಸು ನದಿಯಲ್ಲಿ ನಡೆದರೆ ಅನರ್ಥ. ಕೊಳೆಯನ್ನು ತಿನ್ನುವ ಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಹೀರಿಬಿಡುವುದರಿಂದ ಮೀನುಗಳು ಉಸಿರುಕಟ್ಟಿ ಸಾಯುತ್ತವೆ. ಆದುದರಿಂದಲೇ ಯಂತ್ರಗಳಿಂದ ಗಾಳಿಯೂದಿ, ಆ ಕಾರ್ಯವನ್ನು ತೊಟ್ಟಿಗಳಲ್ಲಿಯೇ ಮುಗಿಸಿ, ನೀರನ್ನು ಹೊಳೆಗೆ ಬಿಡಬೇಕು.

ಫೌಲರರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರೆಂಬುದು ಅನೇಕರಿಗೆ ತಿಳಿಯದು. ಆ ಬೆಂಗಳೂರು ಇಂದು ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಮೇಲಕ್ಕೆತ್ತಿ ತರಿಸಿಕೊಂಡು ಕುಡಿಯುತ್ತದೆ. ಬಸವನ ಪಾದದಲ್ಲಿ ಹುಟ್ಟುವಳೆಂದು ಪ್ರತೀತಿಯುಳ್ಳ ವೃಷಭಾವತಿಯು ನಗರದ ಕೊಳಚೆಯನ್ನು ಹೊತ್ತು ಅರ್ಕಾವತಿಯನ್ನು ಸೇರುತ್ತಾಳೆ. ಅರ್ಕಾವತಿಯು ಸಂಗಮದಲ್ಲಿ ಮತ್ತೆ ಕಾವೇರಿಯನ್ನೇ ಸೇರುತ್ತಾಳೆ. ಮೇಲಿನಿಂದ ತಿಳಿಯಾಗಿ ಪಡೆದುದನ್ನು ಕೆಳಗೆ ಮಲಿನವಾಗಿ ಮರಳಿಸುವ ಋಣಸಂದಾಯವಿದು! ಶುದ್ಧೀಕರಣ ಘಟಕಗಳು ಇಲ್ಲವೆಂದಲ್ಲ. ರಾಜಕಾಲುವೆಗೆ ನುಸುಳಿದ ಕೊಳಚೆ ಅವುಗಳ ಬಾಗಿಲನ್ನೇ ಕಾಣುವುದಿಲ್ಲ.

ಇನ್ನೊಂದು ಮುಖವೂ ಉಂಟು. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು ಕೋಲಾರದ ಬತ್ತಿದ ಕೆರೆಗಳಿಗೆ ಹರಿಯುತ್ತಿದೆ. ನೀರು ಕಂಡ ರೈತರು ಹರ್ಷಿಸಿದರೆ, 3ನೆಯ ಹಂತದ ಶುದ್ಧೀಕರಣವೂ ಆಗಬೇಕೆಂದು ಕೇಳುವವರೂ ಅಲ್ಲಿದ್ದಾರೆ. ಅವರ ಬೇಡಿಕೆ ಅನ್ಯಾಯವಾದುದಲ್ಲ. ಒಂದೂರಿನ ಬಚ್ಚಲು ಇನ್ನೊಂದೂರಿನ ಅಂತರ್ಜಲವನ್ನು ತಲುಪುವಾಗ ಎಚ್ಚರ ಹೆಚ್ಚಾಗಿಯೇ ಇರಬೇಕು.

ಇದರಲ್ಲಿ ಮನೆಮನೆಯ ಪಾಲೂ ಇದೆ. ಬಚ್ಚಲಿಗೆ ಸುರಿದ ಕರಿದೆಣ್ಣೆ ಮೋರಿಯನ್ನು ಕಟ್ಟಿಸುತ್ತದೆ. ಬಣ್ಣ, ಕೀಟನಾಶಕಗಳಂಥ ವಿಷಗಳು ಆ ಪುಟ್ಟ ಜೀವಿಗಳನ್ನೇ ಕೊಲ್ಲಬಲ್ಲವು. ಮಳೆನೀರಿನ ಕಾಲುವೆಗೆ ಮನೆಯ ಕೊಳಚೆಯನ್ನು ಗುಟ್ಟಾಗಿ ಜೋಡಿಸಿದವನು ಕಾಸು ಉಳಿಸಿದೆನೆಂದು ಹಿಗ್ಗಬಹುದು. ಅದರ ಬೆಲೆಯನ್ನು ತೆರುವವನು ಮಾತ್ರ ಹೊಳೆಯ ಕೆಳದಂಡೆಯ ರೈತ.